ಲ್ಯಾಬ್ ಗುಡಿಸಿದ ಹುಡುಗ ಮತ್ತು ಭೀಮೆಯ ನೀರು

ಜೇವರ್ಗಿ ಕಡೆಯ ಯಾವುದಾದರೂ ಹಳ್ಳಿಯ ನೀರನ್ನು ಪಂಚಾಯಿತಿ ಕಿಟ್‌ನಲ್ಲಿ ಪರೀಕ್ಷಿಸಿ ನೋಡಿ. ಫ್ಲೋರೈಡ್, ನೈಟ್ರೇಟ್ ಗೊತ್ತಾಗುತ್ತೆ. ತೊಗರಿಯ ಕಾಯಿಕೊರಕಕ್ಕೆ ಹೊಡೆದ ಕೀಟನಾಶಕ, ಊರವರ ಬಾಯಲ್ಲಿ ‘ಎಣ್ಣೆ’, ಗೊತ್ತಾಗಲ್ಲ. ಅದನ್ನು ಹಿಡಿಯಬಲ್ಲ ಅಗ್ಗದ ವಸ್ತುವೊಂದರ ಹಿಂದೆ ಅಲನ್ ಮ್ಯಾಕ್‌ಡಯರ್ಮಿಡ್ ಎಂಬ ಕೆಮಿಸ್ಟ್ ಇದ್ದಾರೆ.

ಅವರು ಹುಟ್ಟಿದ್ದು 1927ರಲ್ಲಿ, ನ್ಯೂಜಿಲೆಂಡ್‌ನ ಮಾಸ್ಟರ್ಟನ್‌ನಲ್ಲಿ. ಆರ್ಥಿಕ ಮಹಾಕುಸಿತದಲ್ಲಿ ಅಪ್ಪನ ಕೆಲಸ ಹೋಯ್ತು. ಹುಡುಗ ಸೈಕಲ್ ಮೇಲೆ ಹಾಲು ಹಂಚಿದ. ಹದಿನಾರಕ್ಕೆ ಶಾಲೆ ಬಿಟ್ಟು ವೆಲ್ಲಿಂಗ್ಟನ್‌ನ ವಿಕ್ಟೋರಿಯಾ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಗಾಜಿನ ಸಾಮಾನು ತೊಳೆದ, ನೆಲ ಗುಡಿಸಿದ, ಜೊತೆಗೇ ಪಾರ್ಟ್‌ಟೈಮ್ ಓದಿದ. ಮುಂದೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನ, ವಿಸ್ಕಾನ್ಸಿನ್, ಕೇಂಬ್ರಿಡ್ಜ್. 1955ರಿಂದ ಪೆನ್ಸಿಲ್ವೇನಿಯಾ ವಿವಿಯಲ್ಲಿ ಪಾಠ.

1975ರಲ್ಲಿ ಟೋಕಿಯೊದಲ್ಲಿ ಚಹಾ ಕುಡಿಯುವಾಗ ಹಿದೆಕಿ ಶಿರಕಾವಾ ಬೆಳ್ಳಿಯಂತೆ ಹೊಳೆಯುವ ಪ್ಲಾಸ್ಟಿಕ್ ಪೊರೆಯೊಂದನ್ನು ತೋರಿಸಿದರು. ವೇಗವರ್ಧಕ ಸಾವಿರ ಪಟ್ಟು ಹೆಚ್ಚು ಬಿದ್ದು ಆದ ಎಡವಟ್ಟು ಅದು. ಅಲನ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ಭೌತವಿಜ್ಞಾನಿ ಅಲನ್ ಹೀಗರ್ ಜೊತೆ ಸೇರಿ ಅಯೋಡಿನ್ ತಾಗಿಸಿದಾಗ ಪೊರೆಯ ವಿದ್ಯುತ್ ವಾಹಕತೆ ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಕಟಣೆ, 2000ದಲ್ಲಿ ಮೂವರಿಗೂ ನೊಬೆಲ್.

ನನಗೆ ಹೆಚ್ಚು ಇಷ್ಟ ಅವರ 1980ರ ದಶಕದ ಕೆಲಸ: ಪಾಲಿಅನಿಲಿನ್. ಗಾಳಿಗೆ ಕೆಡದ, ಅಗ್ಗದ ಪಾಲಿಮರ್. ಆಮ್ಲದಲ್ಲಿ ಹಸಿರು, ಕ್ಷಾರದಲ್ಲಿ ನೀಲಿ. ಹಳೇ ವಸ್ತುವೇ, 19ನೇ ಶತಮಾನದ್ದು. ಅದರ ರಸಾಯನ ಬಿಡಿಸಿ ಹೇಳಿದ್ದರಲ್ಲಿ ಅಲನ್ ಪಾಲು ದೊಡ್ಡದು.

ಇನ್ನು ಭೀಮೆ. ಯುರೋಪಿನಲ್ಲಿ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಒಂದು ಕೀಟನಾಶಕ 0.1 ಮೈಕ್ರೋಗ್ರಾಂ ದಾಟುವಂತಿಲ್ಲ. ಅಷ್ಟು ಕಡಿಮೆ ಇದ್ದರೆ ಎಷ್ಟೋ ಯಂತ್ರಗಳಿಗೆ ನೇರವಾಗಿ ಕಾಣಲ್ಲ. ಮೊದಲು ನೀರನ್ನು ಹೀರುವಸ್ತುವಿನ ಮೂಲಕ ಹರಿಸಿ ವಿಷವನ್ನು ಅಲ್ಲೇ ಹಿಡಿದು, ಆಮೇಲೆ ಕೆಲವೇ ಹನಿ ದ್ರಾವಕದಲ್ಲಿ ಬಿಡಿಸಿಕೊಳ್ಳಬೇಕು. ಪಾಲಿಅನಿಲಿನ್‌ನ ಕಾರ್ಬನ್ ಉಂಗುರಗಳು ಕೀಟನಾಶಕದ ಉಂಗುರಗಳಿಗೆ ಅಂಟಿಕೊಳ್ಳುತ್ತವೆ. ಈ ಬಳಕೆ ಕಂಡುಕೊಂಡವರು ಬೇರೆಯವರು, ಅಡಿಪಾಯ ಅಲನ್‌ರದ್ದು.

2007ರ ಫೆಬ್ರವರಿಯಲ್ಲಿ ಅವರು ಮನೆಯ ಮೆಟ್ಟಿಲಿಂದ ಬಿದ್ದು ತೀರಿಕೊಂಡರು. ಎರಡು ವರ್ಷದ ನಂತರ ಶುರುವಾದ ಕೇಂದ್ರೀಯ ವಿವಿ ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಪಾಲಿಅನಿಲಿನ್ ಮೇಲೆ ಗುಲಬರ್ಗಾ ವಿವಿಯಲ್ಲೂ ಸಂಶೋಧನೆ ನಡೆದಿದೆ. ವಸ್ತು ಗೊತ್ತು, ಕೆಮಿಸ್ಟ್‌ಗಳೂ ಇಲ್ಲೇ ಇದ್ದಾರೆ. ಅಫಜಲಪುರ, ಜೇವರ್ಗಿಯಿಂದ ಸಿಂಪಡಣೆ ಸೀಸನ್‌ನಲ್ಲಿ ನೀರಿನ ಬಾಟಲಿಗಳು ಈ ಲ್ಯಾಬ್‌ಗಳಿಗೆ ಬರಬೇಕು, ಫಲಿತಾಂಶ ಪಂಚಾಯಿತಿ ಗೋಡೆ ಮೇಲೆ ಬೀಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ.