ಹಾರದ ವಿಮಾನ, ಅಳಿಯದ ಚಿತ್ರ: ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಮತ್ತು ನಮ್ಮೂರಿನ ಥರ್ಮೋಕೋಲ್ ಮಾಡೆಲ್ಲು

ಹೋದ ಡಿಸೆಂಬರಿನಲ್ಲಿ ಮುದ್ದೇಬಿಹಾಳದ ಅಕ್ಕನ ಮನೆಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನಲ್ಲಿರೋ ಅಕ್ಕನ ಮಗಳು ಪಡಸಾಲೆ ತುಂಬಾ ಥರ್ಮೋಕೋಲ್ ಪುಡಿ ಚೆಲ್ಲಿಕೊಂಡು ಕೂತಿದ್ದಳು. ಬಸವನ ಬಾಗೇವಾಡಿಯಲ್ಲಿ ವಿಜ್ಞಾನ ಪ್ರದರ್ಶನ ಇದೆಯಂತೆ. ಕೆಳಗೆ ಅಗಲ, ಮೇಲೆ ಹೋದಂತೆ ಚೂಪು, ಅಂತಸ್ತು ಅಂತಸ್ತಾಗಿ ಏರುವ ಒಂದು ಗೋಪುರ. ಅದಕ್ಕೆ ಬಂಗಾರದ ಬಣ್ಣದ ಕಾಗದ ಅಂಟಿಸುತ್ತಿದ್ದಳು. ಏನವ್ವಾ ಇದು ಅಂತ ಕೇಳಿದರೆ, ರುಕ್ಮ ವಿಮಾನ ಮಾಮಾ, ಏಳು ಸಾವಿರ ವರ್ಷದ ಹಿಂದಿಂದು ಅಂದಳು.

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ನಾನು ಇಂಡಿ ತಾಲ್ಲೂಕಿನವನು, ಹೈಸ್ಕೂಲು ಓದಿದ್ದು ಸಿಂದಗಿಯಲ್ಲಿ, ಹಾಸ್ಟೆಲ್ಲಿನಲ್ಲಿದ್ದುಕೊಂಡು. ಅಲ್ಲಿ ನಾನೂ ಇದೇ ಗೋಪುರ ಮಾಡಿದ್ದೆ. ಇದೇ ಬಂಗಾರದ ಕಾಗದ, ಇದೇ ಏಳು ಸಾವಿರ ವರ್ಷ. ಮೊದಲ ಬಹುಮಾನವೂ ಬಂತು. ಈ ಚಿತ್ರ ಬರೆದವರು ಯಾರು ಅಂತ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಕಾಲೇಜು ಮುಗಿದ ಮೇಲೆ ಒಂದು ದಿನ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಯಾವ ಋಷಿಯ ಆಶ್ರಮವೂ ಅಲ್ಲ. ಬೆಂಗಳೂರಿನ ಪಕ್ಕದ ಆನೇಕಲ್ಲು. ಅಲ್ಲೊಬ್ಬ ಬಡ ಬ್ರಾಹ್ಮಣ, ಬೆಂಗಳೂರಿನಲ್ಲೊಬ್ಬ ಡ್ರಾಫ್ಟ್ಸ್‌ಮನ್. ಆ ಕತೆಯನ್ನು ಅವತ್ತು ರಾತ್ರಿ ಅಕ್ಕನ ಮಗಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹುಟ್ಟಿದ್ದು 1866ರಲ್ಲಿ, ಹೊಸೂರು ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ. ಅವರ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಅವರೇ ಹೇಳಿ ಬರೆಸಿದ ಆತ್ಮಕಥೆಯಿಂದ ಬಂದದ್ದು. ಅದರ ಪ್ರಕಾರ ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು, ಹೆತ್ತವರು ತೀರಿಕೊಂಡರು, ಮನೆಗೆ ಬಡತನ ಹೊಕ್ಕಿತು, ಮೈಗೆ ರೋಗ ಹತ್ತಿತು. ಹುಡುಗ ಊರೂರು ಅಲೆದ. ಕೊನೆಗೆ ಕೋಲಾರ ಸೀಮೆಯ ಆವನಿ ಬೆಟ್ಟದಲ್ಲಿ ಒಬ್ಬ ಗುರು ಸಿಕ್ಕರು, ರೋಗ ವಾಸಿಯಾಯಿತು, ಹಲವು ಶಾಸ್ತ್ರಗಳ ಉಪದೇಶವಾಯಿತು. ಆಮೇಲೆ ಆನೇಕಲ್ಲಿಗೆ ಬಂದು ನೆಲೆಸಿದರು.

ಇದನ್ನು ನಂಬಬೇಕೋ ಬೇಡವೋ ಅನ್ನೋದು ಬೇರೆ ಮಾತು. ನನಗೆ ಮುಖ್ಯ ಅನಿಸೋದು ಇಷ್ಟೇ: ಶಾಲೆಯ ಮೆಟ್ಟಿಲು ಹತ್ತದ, ಕೈಯಲ್ಲಿ ಕಾಸಿಲ್ಲದ ಒಬ್ಬ ಮನುಷ್ಯ ಊರಿನವರ ನಡುವೆ ಜ್ಞಾನಿ ಅನ್ನಿಸಿಕೊಂಡದ್ದು ಬಾಯಿಂದ. ಅವರು ತಾವಾಗಿ ಬರೆಯುತ್ತಿರಲಿಲ್ಲ. ಒಂದು ಬಗೆಯ ಆವೇಶದಲ್ಲಿ ಕೂತು ಸಂಸ್ಕೃತ ಶ್ಲೋಕಗಳನ್ನು ಹೇಳುತ್ತಿದ್ದರು. ಜಿ. ವೆಂಕಟಾಚಲ ಶರ್ಮ ಎಂಬವರು ಬರೆದುಕೊಳ್ಳುತ್ತಿದ್ದರು. ಹೀಗೆ 1918ರಿಂದ 1923ರವರೆಗೆ ಬರೆದು ಮುಗಿಸಿದ್ದೇ ವೈಮಾನಿಕ ಶಾಸ್ತ್ರ. ಸುಮಾರು 3000 ಶ್ಲೋಕ. ಮೂಲ ಕರ್ತೃ ಭರದ್ವಾಜ ಮಹರ್ಷಿ, ತಾನು ಬರೀ ಬಾಯಿ ಅನ್ನೋದು ಶಾಸ್ತ್ರಿಗಳ ನಿಲುವು.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್ 17ರಂದು. ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿದ ಸುದ್ದಿ ಹಳ್ಳಿಗೂ ಮುಟ್ಟಿತ್ತು. ಬ್ರಿಟಿಷರ ಕೈಯಲ್ಲಿ ಯಂತ್ರ, ನಮ್ಮ ಕೈಯಲ್ಲಿ ಪುರಾಣ. ಆಳಿಸಿಕೊಳ್ಳುವ ಜನಕ್ಕೆ ನಮ್ಮಲ್ಲೂ ಇದೆಲ್ಲ ಇತ್ತು ಎಂಬ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕು! ಆ ಹಸಿವನ್ನು ನಾನು ಹೀಗಳೆಯಲಾರೆ. ಹಿಂದುಳಿದ ಜಿಲ್ಲೆ ಅಂತ ಕರೆಸಿಕೊಂಡೇ ಬೆಳೆದ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತೆ.

ಇಲ್ಲಿ ಎರಡನೇ ಮನುಷ್ಯ ಬರುತ್ತಾರೆ: ಟಿ.ಕೆ. ಎಲ್ಲಪ್ಪ. ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಡ್ರಾಫ್ಟ್ಸ್‌ಮನ್. 1923ರಲ್ಲಿ ಶಾಸ್ತ್ರಿಗಳು ಹೇಳಿದಂತೆ ಇವರು ನಕ್ಷೆಗಳನ್ನು ಬರೆದರು. ಹಕ್ಕಿಯ ಹಾಗೆ ರೆಕ್ಕೆ, ಬಾಲ ಇರುವ ಶಕುನ, ಸುಂದರ, ಬಂಗಾರದ ಗೋಪುರದಂಥ ರುಕ್ಮ, ನೆಲ, ನೀರು, ಆಕಾಶ ಮೂರರಲ್ಲೂ ಸಾಗುವ ಮೂರಂತಸ್ತಿನ ತ್ರಿಪುರ. ಅಳತೆ, ಅಡ್ಡಕೊಯ್ತ, ಹಲ್ಲುಚಕ್ರ, ಪಿಸ್ಟನ್, ಕೊಳವೆ ಎಲ್ಲವೂ ಇರುವ ಪಕ್ಕಾ ಇಂಜಿನಿಯರಿಂಗ್ ಡ್ರಾಯಿಂಗು.

ಶ್ಲೋಕ ಓದಿ ಯಾರೂ ಮರುಳಾಗಲಿಲ್ಲ, ಚಿತ್ರ ನೋಡಿ ಮರುಳಾದರು. ನಾನೂ ಅಷ್ಟೇ. ವೈಮಾನಿಕ ಶಾಸ್ತ್ರದ ಒಂದು ಶ್ಲೋಕವೂ ನನಗೆ ಬರೋದಿಲ್ಲ, ಆದರೆ ರುಕ್ಮದ ಆಕಾರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಎಲ್ಲಪ್ಪನವರ ಗೆರೆ ಅಷ್ಟು ಗಟ್ಟಿ.

ಮುಂಬಯಿಯ ತಲ್ಪಡೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಕಟ್ಟಲು ನೋಡಿದರಂತೆ. ಯಾವುದೂ ಹಾರಲಿಲ್ಲ. ಇದನ್ನು ಹೇಳಿದ್ದು ವಿರೋಧಿಗಳಲ್ಲ, ಶಾಸ್ತ್ರಿಗಳ ದತ್ತುಪುತ್ರರೇ. 1940ರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಪುಸ್ತಕ ಅಚ್ಚಾದದ್ದನ್ನು ನೋಡಲಿಲ್ಲ, ಅದರಿಂದ ದುಡ್ಡು ಮಾಡಿಕೊಳ್ಳಲಿಲ್ಲ. ವಿಚಿತ್ರ ನೋಡಿ, ಅದೇ 1940ರ ಡಿಸೆಂಬರಿನಲ್ಲಿ, ಆನೇಕಲ್ಲಿನಿಂದ ಹೆಚ್ಚು ದೂರವಿಲ್ಲದ ಬೆಂಗಳೂರಿನಲ್ಲಿ, ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಮರುವರ್ಷವೇ ಅಲ್ಲಿಂದ ಹಾರ್ಲೋ ಟ್ರೈನರ್ ವಿಮಾನ ಹಾರಿತು. 1951ರಲ್ಲಿ ವಿ.ಎಂ. ಘಾಟಗೆಯವರ ತಂಡ ಇಲ್ಲೇ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು. ನಮ್ಮ ಕೈಯಿಂದ ನಿಜವಾದ ವಿಮಾನ ಹುಟ್ಟಿದ ಕತೆ ಇದು. ಇದರ ಮಾಡೆಲ್ ಮಾಡಿದ ಒಬ್ಬ ಹುಡುಗನನ್ನೂ ನಾನು ನಮ್ಮ ಕಡೆಯ ಪ್ರದರ್ಶನಗಳಲ್ಲಿ ನೋಡಿಲ್ಲ.

ಶಾಸ್ತ್ರಿಗಳು ಹೋದರು, ಚಿತ್ರ ಉಳಿಯಿತು. 1959ರಲ್ಲಿ ಹಿಂದಿ ಆವೃತ್ತಿ ಬಂತು. 1973ರಲ್ಲಿ ಮೈಸೂರಿನ ಜಿ.ಆರ್. ಜೋಯಿಸರು ಎಲ್ಲಪ್ಪನವರ ನಕ್ಷೆಗಳ ಸಮೇತ ಇಂಗ್ಲಿಷಿನಲ್ಲಿ ಹೊರತಂದರು. ಅಲ್ಲಿಂದ ಈ ಗೆರೆಗಳು ಸಮುದ್ರ ದಾಟಿದವು. ಅನ್ಯಗ್ರಹದವರು ಭೂಮಿಗೆ ಬಂದಿದ್ದರು ಅನ್ನೋ ವಿದೇಶಿ ಪುಸ್ತಕ, ಟಿವಿ ಕಾರ್ಯಕ್ರಮಗಳಿಗೆ ಇವೇ ಸರಕಾದವು. ಈಗ ಕಂಪ್ಯೂಟರಿನಲ್ಲಿ ತ್ರೀಡಿ ಮಾಡಿ ತಿರುಗಿಸುತ್ತಾರೆ, ಅದು ವಾಟ್ಸಾಪಿನಲ್ಲಿ ಮುದ್ದೇಬಿಹಾಳಕ್ಕೆ ಬರುತ್ತೆ, ಅಲ್ಲಿ ಥರ್ಮೋಕೋಲ್ ಆಗುತ್ತೆ. ಮೂಲ ಗೆರೆ ಮಾತ್ರ 1923ರದ್ದೇ.

ಒಂದು ಕಲ್ಪನಾಚಿತ್ರ ನೂರು ವರ್ಷ ಬಾಳೋದು ತಪ್ಪೇ? ಖಂಡಿತ ಅಲ್ಲ. ಸ್ಟಾರ್ ವಾರ್ಸ್ ಸಿನಿಮಾಕ್ಕಾಗಿ ರಾಲ್ಫ್ ಮೆಕ್‌ಕ್ವಾರಿ ಬರೆದ ಚಿತ್ರಗಳನ್ನೇ ನೋಡಿ. 1970ರ ದಶಕದಲ್ಲಿ ಕೈಬಿಟ್ಟ ಅವರ ಕೆಲವು ಕಲ್ಪನೆಗಳು 2014ರಲ್ಲಿ ಶುರುವಾದ ರೆಬೆಲ್ಸ್ ಎಂಬ ಕಾರ್ಟೂನ್ ಸರಣಿಯಲ್ಲಿ ಮರುಹುಟ್ಟು ಪಡೆದವು. ಸ್ಟಾರ್ ಟ್ರೆಕ್‌ನ ಒಂದು ಸಿನಿಮಾ ಆಗಲೇ ಇಲ್ಲ. ಆದರೆ ಅದಕ್ಕಾಗಿ ಕೆನ್ ಆಡಮ್ ಮತ್ತು ಮೆಕ್‌ಕ್ವಾರಿ ರೂಪಿಸಿದ ನೌಕೆಯ ಆಕಾರವೇ 2017ರ ಡಿಸ್ಕವರಿ ನೌಕೆಗೆ ಮೂಲವಾಯಿತು. ಅಲ್ಲಿ ಹೊಸಬರು ಹಳೆಯ ಚಿತ್ರ ನೋಡುತ್ತಾರೆ, ಬದಲಿಸುತ್ತಾರೆ, ಬರೆದವರ ಹೆಸರನ್ನೂ ಹೇಳುತ್ತಾರೆ. ಇದು ಕಲ್ಪನೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಅದನ್ನು ಮುಂದಕ್ಕೆ ಬೆಳೆಸಬಹುದು.

ನಮ್ಮಲ್ಲಿ ಆದದ್ದು ಉಲ್ಟಾ. ಕಲ್ಪನೆಗೆ ಸಾಕ್ಷ್ಯದ ವೇಷ ಹಾಕಿದೆವು. ವೇಷ ಹಾಕಿದ ಕೂಡಲೇ ಎರಡು ಅನ್ಯಾಯ ನಡೆದವು. ಒಂದು, ಬರೆದ ಎಲ್ಲಪ್ಪನವರ ಹೆಸರು ಅಳಿಸಿಹೋಯಿತು, ಯಾಕೆಂದರೆ ಏಳು ಸಾವಿರ ವರ್ಷದ ಹಿಂದಿನ ನಕ್ಷೆಗೆ ಬೆಂಗಳೂರಿನ ಡ್ರಾಫ್ಟ್ಸ್‌ಮನ್ ಇರಬಾರದಲ್ಲ! ಎರಡು, ಚಿತ್ರವನ್ನು ಬದಲಿಸೋದು ಪಾಪವಾಯಿತು. ಋಷಿವಾಕ್ಯವನ್ನು ತಿದ್ದೋಕೆ ಯಾರು ಬರುತ್ತಾರೆ? ನಕಲು ಮಾತ್ರ ಮಾಡಬಹುದು. ಸಿಂದಗಿಯಲ್ಲಿ ನಾನು ಮಾಡಿದ್ದೂ ನಕಲೇ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಈ ಗ್ರಂಥವನ್ನು ಗಂಭೀರವಾಗಿ ಓದಿದರು: ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು. ಇವರು ಸಂಸ್ಕೃತಿಯ ವೈರಿಗಳೇನಲ್ಲ. ಇವರಲ್ಲಿ ನಾಗೇಂದ್ರ ಅವರು ಮುಂದೆ ಯೋಗ ವಿಶ್ವವಿದ್ಯಾಲಯವನ್ನೇ ಕಟ್ಟಿದವರು. ಭಾಷೆ ನೋಡಿದರು: ವೇದಕಾಲದ ಸಂಸ್ಕೃತವಲ್ಲ, ಸರಳವಾದ ಆಧುನಿಕ ಸಂಸ್ಕೃತ. ಕಾಲ ನೋಡಿದರು: 20ನೇ ಶತಮಾನದ ಆರಂಭಕ್ಕಿಂತ ಹಿಂದೆ ಹೋಗೋದಿಲ್ಲ. ನಕ್ಷೆಗಳಲ್ಲಿರುವ ಯಂತ್ರಭಾಗಗಳು ಎಲ್ಲಪ್ಪನವರ ಕಾಲೇಜಿನಲ್ಲಿ ಕಾಣುತ್ತಿದ್ದಂಥವೇ. ನಾಲ್ಕು ವಿಮಾನಗಳಲ್ಲಿ ಒಂದೂ ಹಾರಲಾರದು. ರುಕ್ಮದಲ್ಲಿ ಮಾತ್ರ, ಮೇಲಿನಿಂದ ಗಾಳಿ ಎಳೆದು ಕೊಳವೆಯಲ್ಲಿ ಕೆಳಕ್ಕೆ ತಳ್ಳಿದರೆ ಮೇಲೇರುವ ಬಲ ಹುಟ್ಟುತ್ತದೆ ಅನ್ನೋ ಮಟ್ಟಿಗೆ ಒಂದು ಅರ್ಥ ಕಂಡರು. ಅದನ್ನೂ ಪ್ರಾಮಾಣಿಕವಾಗಿ ಬರೆದರು. ತಪ್ಪನ್ನು ಶಾಸ್ತ್ರಿಗಳ ತಲೆಗೆ ಕಟ್ಟಲಿಲ್ಲ; ಹಸ್ತಪ್ರತಿಯ ಚರಿತ್ರೆಯನ್ನು ತಿರುಚಿದ ಅಥವಾ ಮುಚ್ಚಿಟ್ಟ ಪ್ರಕಾಶನದವರೇ ಹೊಣೆ ಅಂದರು.

ಇಷ್ಟಾಗಿ 41 ವರ್ಷದ ನಂತರ, 2015ರ ಜನವರಿಯಲ್ಲಿ, ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು. ಆಧಾರ ಇದೇ ಪುಸ್ತಕ. ಸುಬ್ಬರಾಯ ಶಾಸ್ತ್ರಿಗಳು ಬದುಕಿದ್ದಾಗ ಯಾವ ಅಧಿಕಾರವೂ ಅವರ ಬೆನ್ನಿಗೆ ನಿಂತಿರಲಿಲ್ಲ. ಸತ್ತ ಮೇಲೆ ಅವರ ಕನಸು ಅಧಿಕಾರಕ್ಕೆ ಉಪಯೋಗಕ್ಕೆ ಬಂತು. ನನಗೆ ಸಿಟ್ಟು ಬರೋದು ಇಲ್ಲಿ, ಆನೇಕಲ್ಲಿನ ಆ ಮುದುಕನ ಮೇಲಲ್ಲ.

ಅಕ್ಕನ ಮಗಳು ಎಲ್ಲಾ ಕೇಳಿಸಿಕೊಂಡಳು. ಮುಖ ಸಣ್ಣದಾಯಿತು. ಹಂಗಾದ್ರ ಇದನ್ನ ಒಗದಬಿಡ್ಲೇನು ಮಾಮಾ ಅಂದಳು. ಒಗೀಬ್ಯಾಡ, ಹಾರತೈತೋ ಇಲ್ಲೋ ನೀನೇ ನೋಡು ಅಂದೆ.

ಮರುದಿನ ಅಂಗಡಿಯಿಂದ ಆಟಿಕೆಯ ಒಂದು ಮೋಟಾರು, ಪ್ಲಾಸ್ಟಿಕ್ ಫ್ಯಾನು ತಂದಳು. ಅಕ್ಕನ ಅಡುಗೆಮನೆಯ ಡಿಜಿಟಲ್ ತಕ್ಕಡಿ ಎತ್ತಿಕೊಂಡಳು. ಫ್ಯಾನನ್ನು ತಲೆಕೆಳಗು ಮಾಡಿ, ಗಾಳಿ ಮೇಲಕ್ಕೆ ಹೋಗುವಂತೆ ತಕ್ಕಡಿಯ ಮೇಲೆ ಇಟ್ಟಳು. ಗಾಳಿ ಮೇಲಕ್ಕೆ ಹೋದರೆ ಫ್ಯಾನು ಕೆಳಕ್ಕೆ ಒತ್ತುತ್ತೆ. ತಕ್ಕಡಿ ಎಷ್ಟು ಹೆಚ್ಚು ತೋರಿಸುತ್ತೋ ಅಷ್ಟೇ ಅದರ ಎತ್ತುವ ಬಲ. 11 ಗ್ರಾಂ ಬಂತು. ಅವಳ ವಿಮಾನದ ತೂಕ 640 ಗ್ರಾಂ. 59 ಮೋಟಾರು ಹಾಕಿದರೆ ಹಾರುತ್ತೆ ಅಂತ ಕುಣಿದಳು. ಆಮೇಲೆ ಮೋಟಾರನ್ನೇ ತೂಗಿದಳು: 24 ಗ್ರಾಂ. ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಳು. 11 ಗ್ರಾಂ ಎತ್ತುವ ಮೋಟಾರು ತಾನೇ 24 ಗ್ರಾಂ ಇದೆ. ಎಷ್ಟು ಹಾಕಿದರೂ ಭಾರವೇ ಗೆಲ್ಲುತ್ತೆ. ಹಾಗಾದರೆ ಡ್ರೋನ್ ಹೆಂಗ ಹಾರತೈತಿ ಅಂತ ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

ಬಂಗಾರದ ಗೋಪುರ ಮಾಡಿ ಬಹುಮಾನ ಗೆದ್ದ ನನ್ನ ತಲೆಯಲ್ಲಿ ಆ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ.

ಅವಳು ಮಾಡೆಲ್ಲನ್ನು ಬಾಗೇವಾಡಿಗೆ ಒಯ್ದಳು. ಮುಂದೆ ಒಂದು ಕಾರ್ಡು ಇಟ್ಟಳು: ಕಲ್ಪನೆ, ಸುಬ್ಬರಾಯ ಶಾಸ್ತ್ರಿ, ಚಿತ್ರ, ಟಿ.ಕೆ. ಎಲ್ಲಪ್ಪ, 1923. ಪಕ್ಕದಲ್ಲಿ ತಕ್ಕಡಿ, ಮೋಟಾರು, ಲೆಕ್ಕದ ಹಾಳೆ. ನೋಡಲು ಬಂದ ಒಬ್ಬ ಹಿರಿಯರು, ನಮ್ಮ ಪರಂಪರೆಯನ್ನು ಹಿಂಗ ಹಗುರ ಮಾಡಬಾರದು ತಂಗಿ ಅಂದರಂತೆ. ಇವಳು, ಹಗುರ ಆದರನ ಹಾರತೈತ್ರಿ ಅಂದಳಂತೆ. ಹುಡುಗಿ ಕುಚೇಷ್ಟೆಗೆ ಹೇಳಿದ್ದಲ್ಲ, ತಕ್ಕಡಿ ತೋರಿಸಿ ಹೇಳಿದ್ದು.

ಬಸವಣ್ಣ ಹುಟ್ಟಿದ ಊರು ಅದು. ಹೇಳಿದ್ದನ್ನು ಕೇಳದೆ ಒಪ್ಪಬೇಡ ಅಂತ ಕಲಿಸೋಕೆ ನಮಗೆ ಪರದೇಶದ ಪುಸ್ತಕವೇನೂ ಬೇಕಾಗಿಲ್ಲ. ಆ ಪರಂಪರೆಯೂ ನಮ್ಮದೇ, ಅದಕ್ಕೆ ದಾಖಲೆಯೂ ಇದೆ.

ಬಹುಮಾನ ಬರಲಿಲ್ಲ. ಈಗ ಹಗುರ ಮೋಟಾರಿಗಾಗಿ ದುಡ್ಡು ಕೂಡಿಸುತ್ತಿದ್ದಾಳೆ. ಗೋಪುರದ ಎರಡು ಅಂತಸ್ತು ಕತ್ತರಿಸಿ ತೆಗೆದಿದ್ದಾಳೆ. ಎಲ್ಲಪ್ಪನವರ ಗೆರೆಯನ್ನು ನಮ್ಮ ಕಡೆ ಇದೇ ಮೊದಲ ಸಲ ಯಾರೋ ತಿದ್ದಿದ್ದಾರೆ ಅನಿಸುತ್ತೆ. ಅವರು ಇದ್ದಿದ್ದರೆ ಖುಷಿಪಡುತ್ತಿದ್ದರು ಅಂತ ನನ್ನ ನಂಬಿಕೆ. ಎಷ್ಟಾದರೂ ಡ್ರಾಫ್ಟ್ಸ್‌ಮನ್ ಅಲ್ಲವೇ, ತಿದ್ದೋದೇ ಅವರ ಕಸುಬು.