ಮೈಸೂರು ರೇಷ್ಮೆ ಟಿಪ್ಪುವಿನಿಂದಲೇ ಬಂತೇ?

ಹುಳು ತರಿಸಿದ್ದು ಅವನೇ, ನಿಜ. ದೇವನಹಳ್ಳಿಯಲ್ಲಿ ಹುಟ್ಟಿ 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಸುಲ್ತಾನ್, ಯುದ್ಧಗಳ ನಡುವೆಯೂ ಬಂಗಾಳದಿಂದ ರೇಷ್ಮೆ ಹುಳು ತರಿಸಿ 21 ಕಡೆ ಸಾಕಣೆಗೆ ಏರ್ಪಾಡು ಮಾಡಿದ. ಆದರೆ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಅವನು ಮಡಿದಾಗ ಕಸುಬು ಇನ್ನೂ ಬೇರೂರಿರಲಿಲ್ಲ. ಉಳಿಸಿದವರು ರೈತರು ಎನ್ನುತ್ತೇವೆ ನಾವು. ಮಳೆ ನೆಚ್ಚಿದ ಚಾಮರಾಜನಗರ (ಆಗಿನ್ನೂ ಅರಿಕುಠಾರ), ಗುಂಡ್ಲುಪೇಟೆ ಸೀಮೆಯ ಹೊಲದಲ್ಲಿ ರಾಗಿ, ಜೋಳ ಸಾಮಾನ್ಯವಾಗಿ ವರ್ಷಕ್ಕೊಂದೇ ಬೆಳೆ. ಹಿಪ್ಪುನೇರಳೆ ಹಾಗಲ್ಲ, ಕತ್ತರಿಸಿದಷ್ಟೂ ಚಿಗುರುತ್ತದೆ. ಸೊಪ್ಪು ತಿಂದ ಹುಳು ತಿಂಗಳೊಳಗೆ ಗೂಡು ಕಟ್ಟುತ್ತದೆ, ಗೂಡು ಮಾರಿದರೆ ಕೈಗೆ ನಗದು. ಈ ಲೆಕ್ಕಾಚಾರ ಅರಸನ ಆಜ್ಞೆಗಿಂತ ಗಟ್ಟಿ! ನೇಯ್ಗೆ ಕಾರ್ಖಾನೆ ಮೈಸೂರಿಗೆ ಬಂದದ್ದು 1912ರಲ್ಲಿ; ಗೂಡಿನಿಂದ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಗಳು ಆಮೇಲೆ ಚಾಮರಾಜನಗರ, ಸಂತೇಮರಹಳ್ಳಿಗೂ ಬಂದವು.