ಮಲಾಡಿನಿಂದ ತಾತಗುಣಿಗೆ

ಮಲಾಡ್ ಪಶ್ಚಿಮದ ಬಾಂಬೆ ಟಾಕೀಸ್ ಕಾಂಪೌಂಡಿನಲ್ಲಿ ಈಗ ಸಣ್ಣಪುಟ್ಟ ಕಾರ್ಖಾನೆಗಳ ಸದ್ದು. 1934ರಲ್ಲಿ ಅಲ್ಲಿ ಸ್ಟುಡಿಯೊ ಕಟ್ಟಿದವರು ದೇವಿಕಾ ರಾಣಿ ಮತ್ತು ಪತಿ ಹಿಮಾಂಶು ರಾಯ್. ಅದಕ್ಕೂ ಒಂದು ವರ್ಷ ಮೊದಲು ಲಂಡನ್ನಿನಲ್ಲಿ ತೆರೆಕಂಡ 'ಕರ್ಮ' ಚಿತ್ರದಲ್ಲಿ ಆಕೆ ಇಂಗ್ಲಿಷಿನಲ್ಲೇ ಮಾತಾಡಿ ನಟಿಸಿದ್ದರು. ಜನ ನೆನಪಿಟ್ಟುಕೊಂಡದ್ದು ಚುಂಬನದ ದೃಶ್ಯವನ್ನಷ್ಟೇ, ಬಿಡಿ!

ನನಗೆ ದೊಡ್ಡದೆನಿಸುವುದು ಆಮೇಲಿನ ಕಥೆ. 1940ರಲ್ಲಿ ರಾಯ್ ತೀರಿಕೊಂಡಾಗ ಇಡೀ ಸ್ಟುಡಿಯೊ ಆಕೆಯ ಹೆಗಲಿಗೆ ಬಿತ್ತು. ಅಶೋಕ್ ಕುಮಾರ್, ಶಶಧರ್ ಮುಖರ್ಜಿ ಹೊರನಡೆದು ಫಿಲ್ಮಿಸ್ತಾನ್ ಕಟ್ಟಿದರು. ಆದರೂ ಯೂಸುಫ್ ಖಾನ್ ಎಂಬ ಹುಡುಗನಿಗೆ ಕೆಲಸ ಕೊಟ್ಟು, 'ಜ್ವಾರ್ ಭಾಟಾ'ದಲ್ಲಿ ದಿಲೀಪ್ ಕುಮಾರ್ ಆಗಿ ನಿಲ್ಲಿಸಿದವರು ಅವರೇ.

1945ರಲ್ಲಿ ಸ್ಟುಡಿಯೊ ಬಿಟ್ಟು ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಕೊನೆಗೆ ನೆಲೆಸಿದ್ದು ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ. ಮೊದಲ ಫಾಲ್ಕೆ ಪ್ರಶಸ್ತಿ ಅವರದೇ. 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತೋಟದ ವ್ಯಾಜ್ಯ ವರ್ಷಗಟ್ಟಲೆ ನಡೆದು, ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಅದು ಸರ್ಕಾರದ ಕೈಗೆ ಬಂತು.